ಕೇಳದೆ ಕೈ ಹಾಕಬಾರದು

ಇವತ್ತು ಬೆಳಿಗ್ಗೆ ಕಾರು ಒರೆಸುತ್ತಿದ್ದಾಗ ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ರಟ್ಟಿನ ತುಂಡು ಕಳಚಿ ನನ್ನ ಪಾದದ ಮೇಲೆ ಬಿತ್ತು. ಏಳು ವರ್ಷದ ಬಿಸಿಲಿಗೆ ಅಂಚಿನ ಟೇಪು ಹಪ್ಪಳವಾಗಿತ್ತು. ರಟ್ಟಿನ ಮೇಲೆ ನನ್ನ ಮಾವನವರ ದಪ್ಪ ಅಕ್ಷರದಲ್ಲಿ ಒಂದೇ ಸಾಲು: "ಕೇಳದೆ ಕೈ ಹಾಕಬಾರದು." ಇದನ್ನು ಓದಿ ಎಸಿ ಗುಂಡಿ ಮುಟ್ಟಲು ಹೆದರಿ, ಬೆವರು ಒರೆಸಿಕೊಳ್ಳುತ್ತ ಕೂತ ನೆಂಟರುಂಟು. ಅದು ನೆಂಟರಿಗೆ ಬರೆದದ್ದಲ್ಲ, ಮಾವನವರು ತಮಗೆ ತಾವೇ ಬರೆದುಕೊಂಡದ್ದು ಎಂದು ನಾನು ನಂಬಿದ್ದೆ. ಕಣ್ಣಿಗೆ ಬಿದ್ದಾಗಲೆಲ್ಲ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಯಾಕೆಂದು ಹೇಳುತ್ತೇನೆ, ನೀವು ಮಾತ್ರ ನನ್ನವಳ ಮುಂದೆ ಬಾಯಿ ಬಿಡಬೇಡಿ.

ಮಾವ ಮಾದಪ್ಪನವರು ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವರು. ಮೂವತ್ತೊಂದು ವರ್ಷ ಬಸ್ಸು ಓಡಿಸಿ, ಡೀಸೆಲ್ ಉಳಿಸಿದ್ದಕ್ಕೆ ಡಿಪೋದಲ್ಲಿ ಶಾಲು ಹೊದ್ದವರು. ಒಂದು ನಿಮಿಷಕ್ಕಿಂತ ಹೆಚ್ಚು ನಿಂತರೆ ಎಂಜಿನ್ ಆರಿಸಬೇಕೆಂಬುದು ಅವರ ರಕ್ತದಲ್ಲೇ ಸೇರಿಹೋಗಿತ್ತು. ನಿವೃತ್ತರಾಗಿ ಚಾಮರಾಜನಗರದ ನಮ್ಮ ಮನೆಗೆ ಬಂದಾಗ ಆ ಅಭ್ಯಾಸವೂ ಟ್ರಂಕಿನ ಜೊತೆ ಬಂತು. ನಾನು ಸ್ನಾನದ ಮನೆಯಲ್ಲಿ ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿರುತ್ತಿದ್ದೆ, ಟಕ್ ಎಂದು ದೀಪ ಆರುತ್ತಿತ್ತು.

"ಮಾವ, ಒಳಗಿದ್ದೀನಿ!"

"ಸೋಪ್ ಹಚ್ಕಳಕ್ಕೆ ಲೈಟ್ ಯಾಕೆ ಅಳಿಮಯ್ಯಾ? ನಿಮ್ ಮೈ ನಿಮ್ಗೇ ಗೊತ್ತಿಲ್ವ?"

ಹೈಸ್ಕೂಲಿನಲ್ಲಿ ಗಣಿತ ಹೇಳುವ ನಾನು ಕತ್ತಲಲ್ಲೇ ಚೊಂಬು ತಡಕುತ್ತಿದ್ದೆ.

ನಮ್ಮದೊಂದು ಹಳೆಯ ಡೀಸೆಲ್ ಕಾರು. ಓಡಿಸುವವರು ಮಾವನೇ. ನನಗೂ ಲೈಸೆನ್ಸಿದೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ರಿವರ್ಸ್ ತೆಗೆಯುವುದನ್ನು ಎರಡು ಸಲ ನೋಡಿದ ಪಕ್ಕದ ಮನೆಯವರು ತಮ್ಮ ಗೇಟಿನ ಕಂಬಕ್ಕೆ ಹಳೇ ಟೈರು ಕಟ್ಟಿದ್ದಾರೆ. ಮಾವನಿಗೆ ಕಾರಿನ ಮೇಲೆ ಪ್ರೀತಿಯಿತ್ತು, ಒಂದೇ ತಕರಾರು. "ಗಾಡಿ ಚೆನ್ನಾಗದ ಕಣ, ಆದ್ರೆ ಪುಲ್ಲಿಂಗೇ ಇಲ್ಲ. ಪುಣಜನೂರ್ ಕಡೆ ಏರ್ ಬಂದ್ರೆ ನಾನೇ ಇಳ್ದು ತಳ್ಬುಡನ ಅನ್ಸ್ತದ."

ಶಾಲೆಯ ಸಹೋದ್ಯೋಗಿಯೊಬ್ಬರು ಇದಕ್ಕೆ ಮದ್ದು ಹೇಳಿದರು. ಎಂಜಿನ್ನಿಗೆ ಅಪ್ಪಣೆ ಕೊಡುವ ಒಂದು ಸಣ್ಣ ಕಂಪ್ಯೂಟರ್ ಪೆಟ್ಟಿಗೆ ಇರುತ್ತದಂತೆ. ಅದರೊಳಗಿನ ಸಾಫ್ಟ್‌ವೇರ್ ಅಳಿಸಿ ಹೊಸದು ತುಂಬಿದರೆ ಗಾಡಿ ಹುಲಿಯಾಗುತ್ತದಂತೆ. ಗುಂಡ್ಲುಪೇಟೆಯಲ್ಲಿ ನಯಾಜ್ ಎಂಬ ಆಟೋ ಎಲೆಕ್ಟ್ರಿಷಿಯನ್ ಈ ಕೆಲಸ ಮಾಡುತ್ತಾನೆಂದೂ ತಿಳಿಯಿತು. ಮಾವನಿಗೆ ಹೇಳದೆ ಮಾಡಿಸಿ, ಮುಂದಿನ ಏರಿನಲ್ಲಿ ಅವರು ಬೆರಗಾಗುವುದನ್ನು ಪಕ್ಕದಲ್ಲಿ ಕೂತು ನೋಡಬೇಕೆಂದು ನನಗೆ ಆಸೆಯಾಯಿತು. ಆಯಿಲ್ ಬದಲಿಸಬೇಕೆಂದು ಸುಳ್ಳು ಹೇಳಿ, ಒಂದು ಶುಕ್ರವಾರ ಅವರಿಂದಲೇ ಕಾರು ಓಡಿಸಿಕೊಂಡು ಹೋದೆ. ಅವರು ನಯಾಜನಿಗೆ ತಮ್ಮ ಹೆಸರು, ಬಸ್ಸಿನ ಸರ್ವೀಸು ಎಲ್ಲ ಹೇಳಿ, ಹಳೇ ಕಂಡಕ್ಟರುಗಳ ಜೊತೆ ಹರಟಲು ಬಸ್ ಸ್ಟ್ಯಾಂಡಿಗೆ ನಡೆದರು.

ನಯಾಜ್ ಮೊದಲು ಹಳೆಯ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ನಕಲು ಮಾಡಿಟ್ಟುಕೊಂಡ. ಆಮೇಲೆ ಸ್ಟಿಯರಿಂಗಿನ ಕೆಳಗೆ ಕೇಬಲ್ ಸಿಕ್ಕಿಸಿ ಹೊಸದನ್ನು ತುಂಬಲು ಬಿಟ್ಟು ಟೋಪಿ ಹಾಕಿಕೊಂಡ. "ಮೇಷ್ಟ್ರೇ, ಅರ್ಧ ಗಂಟೆ ಆಗುತ್ತೆ. ಕೀ ಆನಲ್ಲೇ ಇರ್ಬೇಕು. ನೀವು ಸೀಟ್ ಬಿಟ್ಟು ಅಲ್ಲಾಡ್ಬೇಡಿ, ಯಾರನ್ನೂ ಹತ್ರ ಬಿಡ್ಬೇಡಿ. ನಾನು ನಮಾಜ್ ಮುಗಿಸ್ಕೊಂಡ್ ಬಂದ್ಬಿಡ್ತೀನಿ."

ಹತ್ತು ನಿಮಿಷ ದೇವರಾಣೆಗೂ ಅಲ್ಲಾಡಲಿಲ್ಲ. ಆದರೆ ರಸ್ತೆಯ ಆಚೆ ಕೇರಳದವರ ಅಂಗಡಿಯಲ್ಲಿ ಬಾಳೆಕಾಯಿ ಚಿಪ್ಸು ಎಣ್ಣೆಗೆ ಬಿದ್ದವು. ಬಿಸಿ ಕೊಬ್ಬರಿ ಎಣ್ಣೆಯ ಆ ಘಮ ನಿಮಗೂ ಗೊತ್ತಲ್ಲ? ರಸ್ತೆ ದಾಟಿ ಬರುವುದಕ್ಕೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿದೆ. ಗಣಿತದ ಮೇಷ್ಟರ ಲೆಕ್ಕ. ಅಂಗಡಿಯಲ್ಲಿ ನನಗಿಂತ ಮೊದಲು ನಾಲ್ಕು ಜನ ನಿಂತಿದ್ದರು.

ಪೊಟ್ಟಣ ಹಿಡಿದು, ಎರಡು ಚಿಪ್ಸು ಬಾಯಿಗೆ ಹಾಕಿಕೊಂಡು ಹಿಂತಿರುಗಿದರೆ ಮಾವ ಕಾರಿನ ಪಕ್ಕ ನಿಂತು ನಗುತ್ತಿದ್ದಾರೆ. ಕೈಯಲ್ಲಿ ಕೀ. ಕೇಬಲನ್ನು ಅಚ್ಚುಕಟ್ಟಾಗಿ ಸುತ್ತಿ ಸೀಟಿನ ಮೇಲಿಟ್ಟಿದ್ದಾರೆ.

"ಏನ್ ಜನವೋ! ಕೀ ಆನ್ ಮಾಡ್ಬುಟ್ಟು ಓಗವ್ರೆ. ನಾನ್ ಬರ್ದಿದ್ರೆ ಬ್ಯಾಟ್ರಿ ಕೂತೋಗದು ಕಣ."

ಅಷ್ಟರಲ್ಲಿ ನಯಾಜ್ ಬಂದ. ಕೇಬಲ್ ನೋಡಿ "ಯಾ ಅಲ್ಲಾ" ಎಂದ. ಮತ್ತೆ ಸಿಕ್ಕಿಸಿದ, ಕೀ ತಿರುಗಿಸಿದ. ಕಾರು ಕೆಮ್ಮಲೂ ಇಲ್ಲ. ಹಳೆಯ ಪಾಠ ಅಳಿಸಿ ಹೊಸ ಪಾಠ ಅರ್ಧ ಬರೆದಾಗ ಗಂಟೆ ಹೊಡೆದ ಬೋರ್ಡಿನಂತಾಗಿತ್ತು ಆ ಪೆಟ್ಟಿಗೆ. "ಯಾರು ಆಫ್ ಮಾಡಿದ್ದು?" ಎಂದು ಅವನು ಕೇಳಿದ.

"ನಾನೇ ಕಣಪ್ಪ," ಅಂದರು ಮಾವ.

ನೋಡಿ, ನಾನು ಬಾಯಿ ಬಿಡಬೇಕಾಗಿದ್ದ ಗಳಿಗೆ ಅದು. ಸೀಟು ಬಿಟ್ಟು ಎದ್ದವನು ನಾನು, ವಿಷಯ ಮುಚ್ಚಿಟ್ಟವನೂ ನಾನು. ಆದರೆ ನಾನು ಮಾಡಿದ್ದೇನು? ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದು ನೆಲ ನೋಡಿದೆ. ಮಾವ ಕೀಯನ್ನು ಬಾನೆಟ್ಟಿನ ಮೇಲಿಟ್ಟರು. "ಮೂವತ್ತೊಂದ್ ವರ್ಷ ಒಂದಿನ ನನ್ ಕೈಲಿ ಗಾಡಿ ಕೆಟ್ ನಿಂತಿಲ್ಲ. ಇನ್ ಸಾಕು ಬುಡಿ. ಸ್ಟೇರಿಂಗ್ ಮುಟ್ಟಕಿಲ್ಲ ನಾನು." ನಯಾಜನ ಅಂಗಡಿಯ ಬೆಂಚಿನ ಮೇಲೆ ಕೂತು ಮುಖ ಆ ಕಡೆ ತಿರುಗಿಸಿಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಯಾಜ್ ಬೈಯುವ ಜಾತಿಯವನಲ್ಲ. ಬಾನೆಟ್ಟಿನೊಳಗಿಂದ ಪೆಟ್ಟಿಗೆ ಬಿಚ್ಚಿ, ಬಿಸಿ ಗಾಳಿ ಊದಿ ಅಂಟು ಸಡಿಲಿಸಿ, ಮುಚ್ಚಳ ತೆಗೆದ. ಒಳಗೆ ಸಾಸಿವೆಗಿಂತ ಸಣ್ಣದೊಂದು ಚುಕ್ಕೆ. ಅದಕ್ಕೆ ಸೂಜಿ ಮುಟ್ಟಿಸಿ ಹಿಡಿದಿರುವಾಗಲೇ ಕರೆಂಟು ಬರಬೇಕು, ಬಂದ ಕೂಡಲೇ ಸೂಜಿ ತೆಗೆಯಬೇಕು. ಆಗ ಪೆಟ್ಟಿಗೆ ತನ್ನ ಅರೆಬರೆ ಪಾಠ ಓದಲು ಹೋಗದೆ ನಾವು ಹೇಳಿದ್ದನ್ನು ಕೇಳುತ್ತದೆ. ಅಷ್ಟರಲ್ಲಿ ಅಂಗಡಿಯಲ್ಲಿ ಕರೆಂಟು ಹೋಯಿತು. ಹಾಗಾಗಿ ಪೆಟ್ಟಿಗೆಯನ್ನು ಕಾರಿನ ವೈರಿಗೇ ಸಿಕ್ಕಿಸಿ, ಅವನು ಸೂಜಿ ಹಿಡಿದ, ನಾನು ಕೀ ಹಿಡಿದೆ. ಒಂದು ಸಲ ಬೇಗ ತಿರುಗಿಸಿದೆ. ಇನ್ನೊಂದು ಸಲ ತಡ. ಮೂರನೆಯ ಸಲ ವೈಪರ್ ಆಡಿಸಿದೆ.

"ಮೇಷ್ಟ್ರೇ, ಇಳೀರಿ," ಎಂದ ನಯಾಜ್. ಬೆಂಚಿನ ಹತ್ತಿರ ಹೋಗಿ, "ಮಾದಪ್ಪಣ್ಣ, ನಾನು ಹೋಲ್ಡಾನ್ ಅಂದ್ರೆ ಸುಮ್ನಿರಿ, ರೈಟ್ ಅಂದ್ರೆ ಕೀ ತಿರುಗ್ಸಿ. ಇದು ನಿಮ್ ಕೈಲೇ ಆಗ್ಬೇಕು" ಎಂದ. ಮಾವ ಒಲ್ಲೆನೆಂದು ತಲೆಯಾಡಿಸಿದರು. ಅವನು ಇನ್ನೇನೂ ಹೇಳದೆ ಬಾನೆಟ್ಟಿನ ಹತ್ತಿರ ಹೋಗಿ, ಥೇಟ್ ಕಂಡಕ್ಟರಿನ ಗಂಟಲಿನಲ್ಲಿ, "ಹೋಲ್ಡಾನ್!" ಎಂದು ಕೂಗಿದ. ಮಾವ ಎದ್ದೇಬಿಟ್ಟರು. ಸೀಟಿನಲ್ಲಿ ಕೂತು ಕೀಗೆ ಕೈ ಹಾಕಿದರು.

"ರೈಟ್!"

ಲ್ಯಾಪ್‌ಟಾಪ್ ಕುಂಯ್ ಎಂದಿತು. ಪೆಟ್ಟಿಗೆ ಮಾತಾಡಿತ್ತು. ನಯಾಜ್ ಹಳೆಯ ಸಾಫ್ಟ್‌ವೇರನ್ನೇ ವಾಪಸ್ಸು ತುಂಬಲು ಬಿಟ್ಟು, ನನ್ನನ್ನು ಟೀ ತರಲು ಕಳಿಸಿದ. ಮಾವ ಬಾಗಿಲಿಗೆ ಅಡ್ಡ ನಿಂತು ಕಾವಲು ಕಾದರು. ಬಾನೆಟ್ಟಿನ ಮೇಲೆ ಕೂರಲು ಬಂದ ಕಾಗೆಯನ್ನೂ ಬಿಡಲಿಲ್ಲ. ನಾನು ಟೀ ತಂದಾಗ ಇಬ್ಬರೂ ಏನೋ ನಗುತ್ತಿದ್ದವರು ತಟ್ಟನೆ ಸುಮ್ಮನಾದರು. ಮಾವನ ಕೈಯಲ್ಲಿ ಒಂದು ರಟ್ಟು, ಮಾರ್ಕರ್ ಪೆನ್ನು. ಆಮೇಲೆ ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಪುಲ್ಲಿಂಗು ಮೊದಲಿನಷ್ಟೇ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಪಾಡು. ಮಾವ ಕಾರೇನೋ ಓಡಿಸಿದರು, ಆದರೆ ನನ್ನನ್ನು ಕೇಳದೆ ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. "ಅಳಿಮಯ್ಯಾ, ಫ್ಯಾನ್ ಆಫ್ ಮಾಡ್ಲಾ?" "ಟಿವಿ ಆಫ್ ಮಾಡ್ಲಾ?" ಕುದೇರಿನಲ್ಲಿ ಒಂದು ಮದುವೆ ಊಟದ ಪಂಕ್ತಿಯ ಆ ತುದಿಯಿಂದ ಎದ್ದು ನಿಂತು, "ಅಳಿಮಯ್ಯಾ, ಈ ಟ್ಯೂಬ್‌ಲೈಟ್ ಆಫ್ ಮಾಡ್ಲಾ?" ಎಂದು ಕೂಗಿದರು. ಎಂಥ ಗಟ್ಟಿ ಮನುಷ್ಯನ ಧೈರ್ಯ ಮುರಿದುಬಿಟ್ಟೆನಲ್ಲ ಎಂದು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಏಳು ವರ್ಷ ಹೀಗೇ.

ಇವತ್ತು ರಟ್ಟು ಹಿಡಿದುಕೊಂಡು ಒಳಗೆ ಹೋದೆ. ಮಾವ ಫ್ಯಾನಿನ ಕೆಳಗೆ ಪೇಪರ್ ಓದುತ್ತಿದ್ದರು. ಧೈರ್ಯ ಮಾಡಿ ಹೇಳಿಬಿಟ್ಟೆ. "ಮಾವ, ಅವತ್ತು ತಪ್ಪು ನಿಮ್ಮದಲ್ಲ. ನಯಾಜ್ ನನ್ನನ್ನ ಕಾವಲಿಗೆ ಕೂರಿಸಿ ಹೋಗಿದ್ದ. ನಾನು ಎದ್ದುಹೋಗಿದ್ದೆ."

ಮಾವ ಪೇಪರ್ ಇಳಿಸಲಿಲ್ಲ. "ಆ ರಟ್ಟ ತಿರುಗ್ಸಿ ನೋಡಿದ್ದೀರಾ?"

ತಿರುಗಿಸಿದೆ. ಹಿಂದೆ, ಅದೇ ದಪ್ಪ ಅಕ್ಷರಗಳಲ್ಲಿ: "ಕಾಯಲು ಕೂತವರು ಚಿಪ್ಸಿಗೆ ಎದ್ದು ಹೋಗಬಾರದು."

"ನೀವ್ ಟೀ ತರಕ್ಕೆ ಓದಾಗ್ಲೇ ನಯಾಜ್ ಯೋಳ್ದ ಕಣ. ನಿಮ್ ಬಾಯಲ್ಲಿ ಕೊಬ್ರಿ ಎಣ್ಣೆ ವಾಸ್ನೆ ಬೇರೆ. ನೀವಾಗೇ ಯೋಳ್ಲಿ ಅಂತ ಕಾಯ್ತಿದ್ದೆ. ಏಳ್ ವರ್ಷ ತಕ್ಕಂಡ್ರಲ್ಲ ಮಾರಾಯ್ರೇ, ಕೇಳಿ ಕೇಳಿ ನನ್ ಗಂಟ್ಲೇ ಬಿದ್ದೋಯ್ತು."

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು, ನಗುವೂ ತಡೆಯಲಾಗಲಿಲ್ಲ. ರಟ್ಟನ್ನು ಹಿಂಬದಿ ಮುಂದಾಗಿ ಅಂಟಿಸೋಣವೆಂದು ಹೊಸ ಟೇಪು ಹುಡುಕುತ್ತ ನಿಂತೆ. ಮಾವ ಪೇಪರ್ ಮಡಿಸಿ ಎದ್ದರು. ನಾನಿನ್ನೂ ಫ್ಯಾನಿನ ಕೆಳಗೇ ಇದ್ದೆ. ಗೋಡೆಯ ಹತ್ತಿರ ಹೋಗಿ, ನನ್ನನ್ನು ಒಂದು ಮಾತೂ ಕೇಳದೆ, ಟಕ್ ಎಂದು ಆಫ್ ಮಾಡಿದರು.