ಎಡಗಡೆ ನೀನು ನೋಡು

ಅತ್ತಿಗೆಯ ಎಡಗೈ ಬಲಗೈಗಿಂತ ಎದ್ದು ಕಾಣುವಷ್ಟು ಕಪ್ಪಾಗಿತ್ತು. ಎವರ್‌ಗ್ರೀನಿನ ಮನೆಯಿಂದ ರೆಡ್‌ವುಡ್ ಸಿಟಿಯ ಆಫೀಸಿಗೆ ಇಪ್ಪತ್ತಾರು ವರ್ಷ ಕಾರು ಓಡಿಸಿದವರು. ಇಲ್ಲಿಯ ಕಾರಿನಲ್ಲಿ ಸ್ಟೇರಿಂಗು ಎಡಕ್ಕೆ; ಗಾಜು ಇಳಿಸಿ, ಎಡ ಮೊಣಕೈ ಹೊರಗಿಟ್ಟುಕೊಂಡೇ ಓಡಿಸುತ್ತಿದ್ದರು. ಅರಿಶಿನ ಕುಂಕುಮಕ್ಕೆ ಬಂದು ಎರಡೂ ಕೈ ಚಾಚಿದರೆ ಇಬ್ಬರು ಹೆಂಗಸರ ಕೈಗಳೇನೋ ಅನ್ನಿಸಬೇಕು. ಯಾರಾದರೂ ಕ್ರೀಮು ಹಚ್ಚಿಕೊಳ್ಳಿ ಎಂದರೆ, "ಇದು ಸರ್ವಿಸ್ ಸರ್ಟಿಫಿಕೇಟು ಕಣ್ರೀ, ಅಳಿಸಬಾರದು" ಎನ್ನುತ್ತಿದ್ದರು.

ಅವರು ನನ್ನ ಯಜಮಾನರ ಅಕ್ಕ. ಕೂತಲ್ಲಿ ಕೂರುವ ಜೀವವಲ್ಲ. ಯೂನಿಯನ್ ಸಿಟಿಯ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದರೆ ನಾಲ್ಕನೆಯ ಅಧ್ಯಾಯಕ್ಕೆಲ್ಲ ಅವರ ಕೈಯಲ್ಲಿ ಕಾರಿನ ಕೀ ಗಲಗಲ ಅನ್ನಲು ಶುರುವಾಗುತ್ತಿತ್ತು. "ಪ್ರಸಾದ ಡಬ್ಬಿಗೆ ಹಾಕೇ, ದಾರೀಲಿ ತಿಂತೀನಿ." ದೇವರೂ ಕ್ಷಮಿಸಿರಬೇಕು, ನಮ್ಮ ಕಡೆಯ ಎಷ್ಟು ಬಾಣಂತಿಯರಿಗೆ, ಊರಿಂದ ಬಂದಿಳಿದ ಎಷ್ಟು ಹಿರಿಯರಿಗೆ ಆ ಕಾರು ಒದಗಿತ್ತೋ ಲೆಕ್ಕವಿಲ್ಲ.

ನನಗೂ ಲೈಸೆನ್ಸು ಇತ್ತು, ಧೈರ್ಯ ಇರಲಿಲ್ಲ. ಒಮ್ಮೆ ಫ್ರೀವೇಗೆ ಸೇರಿಕೊಳ್ಳುವಾಗ ಹಿಂದಿನಿಂದ ಟ್ರಕ್ಕೊಂದು ಹಾರ್ನು ಹೊಡೆದದ್ದಕ್ಕೆ ಕಾರು ಬದಿಗೆ ನಿಲ್ಲಿಸಿ ಅತ್ತುಬಿಟ್ಟಿದ್ದೆ. ಅಂದಿನಿಂದ ಗ್ರೋಸರಿ, ದೇವಸ್ಥಾನ, ಮಕ್ಕಳ ಸ್ಕೂಲು, ಎಲ್ಲವೂ ಊರೊಳಗಿನ ರಸ್ತೆಯಲ್ಲೇ. "ನಿನ್ನದು ಕಾರಲ್ಲ ಕಣೇ, ಎತ್ತಿನಗಾಡಿ. ಎತ್ತಿಗೆ ಗೊತ್ತಿರೋ ದಾರೀಲಿ ಮಾತ್ರ ಹೋಗುತ್ತೆ" ಎಂದು ಅತ್ತಿಗೆ ರೇಗಿಸುವರು.

ಒಂದು ಗುರುವಾರ ನಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದವರು ಎಡಗಡೆಯಿಟ್ಟ ಕಾಫಿಲೋಟವನ್ನು ಉರುಳಿಸಿದರು. ಒರೆಸಿದೆ. ಇನ್ನೊಂದು ಲೋಟ ಕೊಟ್ಟೆ. ಅದೂ ಉರುಳಿತು.

"ಕಾಣಲ್ವೇನ್ರೀ ಅತ್ತಿಗೆ?"

"ಕಾಣಲ್ಲ" ಎಂದರು, ಬಸ್ಸು ಬಂತು ಎಂದಷ್ಟೇ ಸಲೀಸಾಗಿ. ಗ್ಲಾಕೋಮಾ. ಎಡಗಡೆಯ ಅಂಚು ಮಸುಕಾಗುತ್ತಾ ಬರುತ್ತಿದೆ. ಹಗಲಲ್ಲಿ, ಪರಿಚಿತ ರಸ್ತೆಯಲ್ಲಿ ಮಾತ್ರ ಓಡಿಸಿ, ಮುಂದಿನ ಪರೀಕ್ಷೆಯಾದ ಮೇಲೆ ಅದನ್ನೂ ಬಿಡಬೇಕಾದೀತು ಎಂದಿದ್ದರಂತೆ ಡಾಕ್ಟರು. "ನಿನ್ನ ಗಂಡನಿಗೆ ಹೇಳಿದ್ಯೋ, ನಾಳೆಯಿಂದ ನನ್ನ ಕೀ ಅವನ ಜೇಬಲ್ಲಿರುತ್ತೆ. ಬಿಡೋದು ಬಿಡ್ತೀನಿ. ಯಾರೂ ಕಿತ್ಕೋಬಾರದು, ಅಷ್ಟೇ."

ದೇವರ ಮುಂದೆ ನನ್ನಿಂದ ಮಾತು ತೆಗೆದುಕೊಂಡರು. ಆಮೇಲೆ ನನಗೆ ಅದೇ ಚಿಂತೆ. ದೀಪ ಹಚ್ಚುವಾಗಲೂ ಅದೇ, ಹಾಲು ಕಾಯಿಸುವಾಗಲೂ ಅದೇ.

ಆ ವರ್ಷ ಮೈಸೂರಿನಲ್ಲಿ ಮದುವೆಯೊಂದಿತ್ತು, ನಾವಿಬ್ಬರೇ ಹೊರಟಿದ್ದೆವು. ಅತ್ತಿಗೆ ಟಿಕೆಟ್ಟು ಮಾಡುವಾಗ ದಾರಿಯಲ್ಲಿ ಮಾಲ್ಟಾ ಎಂಬ ದ್ವೀಪದಲ್ಲಿ ಒಂದು ಶನಿವಾರ, ಭಾನುವಾರ ಸೇರಿಸಿದರು. ಮೆಡಿಟರೇನಿಯನ್ ಸಮುದ್ರದ ನಡುವೆ ಅಂಗೈಯಗಲದ ಊರು.

"ಅಲ್ಲಿ ಯಾವ ದೇವಸ್ಥಾನ ಇದೆ ಅತ್ತಿಗೆ?"

"ದೇವಸ್ಥಾನ ಅಲ್ಲ ಕಣೇ, ಅಲ್ಲಿ ನಮ್ಮ ಮೈಸೂರಿನ ಹಾಗೆ ಎಡಗಡೆ ಗಾಡಿ ಓಡಿಸ್ತಾರೆ. ಅಪ್ಪ ನಂಗೆ ಕಲಿಸಿದ್ದು ಎಡಗಡೆ. ಡಾಕ್ಟ್ರು ಪರಿಚಿತ ರಸ್ತೆ ಅಂದಿದ್ದಾರೆ ತಾನೆ?"

"ರಸ್ತೆ ಎಲ್ಲಿ ಪರಿಚಿತ? ಬದಿ ಪರಿಚಿತ ಅಷ್ಟೆ."

"ಅಷ್ಟು ಸಾಕು. ಮೈಸೂರಲ್ಲಿ ನೆಂಟರು ಸ್ಟೇರಿಂಗ್ ಮುಟ್ಟಕ್ಕೆ ಬಿಡಲ್ಲ. ಎರಡು ದಿನ ಮನಸಾರೆ ಓಡಿಸಿ, ಆಮೇಲೆ ನಾನೇ ಬಿಟ್ಟುಬಿಡ್ತೀನಿ."

ತಪ್ಪೆಂದು ಗೊತ್ತಿತ್ತು. ಒಬ್ಬರನ್ನೇ ಕಳಿಸುವುದು ಇನ್ನೂ ದೊಡ್ಡ ತಪ್ಪೆಂದು ಹೊರಟೆ.

ಬಾಡಿಗೆ ಕಾರಿಗೂ ನಾನು ಪೂಜೆ ಬಿಡಲಿಲ್ಲ. ಅಲ್ಲಿಯ ಅಂಗಡಿಯಲ್ಲೇ ನಾಲ್ಕು ನಿಂಬೆಹಣ್ಣು ಕೊಂಡು ಚಕ್ರಗಳ ಕೆಳಗಿಟ್ಟೆ. ಕಾರು ಕೊಡುವ ಮೀಸೆಯ ಯಜಮಾನರು, ಪಾಪ, ನನ್ನ ಚೀಲದಿಂದ ಉರುಳಿದವೆಂದು ಎರಡನ್ನು ಹೆಕ್ಕಿ, ಕೋಟಿಗೆ ಒರೆಸಿ, ಕೈಗೆ ಕೊಟ್ಟರು. ಮತ್ತೆ ಇಟ್ಟೆ. ಮತ್ತೆ ಹೆಕ್ಕಿದರು.

"ಬಾರೇ ಸಾಕು, ಅವರಿಗೆ ಪಾನಕ ಬೇಕೇನೋ" ಎಂದು ಅತ್ತಿಗೆ ಕಾರು ಎತ್ತಿಯೇಬಿಟ್ಟರು. ಬಲಗಡೆಯ ಎರಡು ಹಣ್ಣು ಮಾತ್ರ ಅಪ್ಪಚ್ಚಿಯಾದವು. ಎಡಗಡೆಯ ಚಕ್ರಗಳಿಗೆ ನಿಂಬೆ ಸಿಗಲಿಲ್ಲ. ನಗುವವರು ನಗಲಿ, ಎರಡು ದಿನ ನನಗೆ ಅದೇ ಚಿಂತೆ.

ಹತ್ತಿದ ತಕ್ಷಣ ಅತ್ತಿಗೆ, "ಎಡಗಡೆ ನೀನು ನೋಡು, ಮಿಕ್ಕಿದ್ದು ನಂಗಿರಲಿ" ಎಂದರು. ತಿರುವು ಬಂದಾಗಲೆಲ್ಲ ಬ್ಲಿಂಕರ್ ಹಾಕಲು ಹೋಗಿ ವೈಪರ್ ಹಾಕಿಬಿಡುತ್ತಿದ್ದರು. ಸುಡು ಬಿಸಿಲಲ್ಲಿ ಗಾಜಿನ ಮೇಲೆ ಅದು ಪರಪರ ಅನ್ನುತ್ತಿತ್ತು. "ಗೋಡೆ ಅತ್ತಿಗೆ, ಗೋಡೆ! ಸೈಕಲ್ಲು! ಪಾಪಾಸುಕಳ್ಳಿ!" ಎನ್ನುವುದೇ ನನ್ನ ಸಹಸ್ರನಾಮವಾಯಿತು. ಜೇನು ಬಣ್ಣದ ಕಲ್ಲಿನ ಕೋಟೆ ಕಂಡೆವು, ಸಮುದ್ರಕ್ಕೆ ಕಡಿದಿಟ್ಟಂಥ ಬಂಡೆಯಂಚು ಕಂಡೆವು. ಎಲ್ಲಿಯೂ ಹತ್ತು ನಿಮಿಷ ನಿಲ್ಲಲಿಲ್ಲ. "ನೋಡಿದ್ದಾಯ್ತಾ? ನಡಿ." ಅವರಿಗೆ ಬೇಕಾಗಿದ್ದದ್ದು ಊರುಗಳಲ್ಲ, ನಡುವಿನ ರಸ್ತೆಗಳು. ಅಪ್ಪ ಕಲಿಸಿದ ಹಾಗೆ ಬಲಗೈ ಕಿಟಕಿಯ ಮೇಲಿಟ್ಟು, ಎಡಗೈಯಲ್ಲಿ ಗೇರು ಹಾಕುತ್ತಿದ್ದವರ ಮುಖದಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಕಾಣುತ್ತಿದ್ದಳು. ಅದನ್ನು ಕಂಡದ್ದೊಂದು ಪುಣ್ಯ.

ಭಾನುವಾರ ಮೀನುಗಾರರ ಊರಿಗೆ ಹೋದೆವು. ಬಣ್ಣಬಣ್ಣದ ದೋಣಿಗಳು, ಒಂದೊಂದರ ಮೂತಿಗೂ ಎರಡೆರಡು ಕಣ್ಣು ಬರೆದಿದ್ದಾರೆ, ನಮ್ಮಲ್ಲಿ ದೃಷ್ಟಿಬೊಂಬೆ ಕಟ್ಟಿದ ಹಾಗೆ. ಅತ್ತಿಗೆ ಅಲ್ಲಿ ಮಾತ್ರ ನಿಂತರು. "ನೋಡೇ, ಮರದ ದೋಣಿಗೂ ಕೊಟ್ಟಿದ್ದಾರೆ" ಎಂದರು. ಅಷ್ಟೇ.

ಅಲ್ಲಿಂದ ಹೊರಟು ವಿಮಾನ ನಿಲ್ದಾಣದ ದಾರಿ ಹಿಡಿಯಬೇಕು. ಓಣಿ ಕಿರಿದು. ನಾನು ಒಂದೇ ಒಂದು ಕ್ಷಣ ಫೋನಿನ ಮ್ಯಾಪು ನೋಡಿದೆ. ತಲೆಯೆತ್ತಿದರೆ ಎಡಗಡೆಯ ಬಾಗಿಲೊಂದರಿಂದ ಮುದುಕಿಯೊಬ್ಬಳು ಬ್ರೆಡ್ಡಿನ ಚೀಲ ಹಿಡಿದು ರಸ್ತೆಗೆ ಇಳಿದಿದ್ದಾಳೆ. ಏನೆಂದು ಕಿರುಚಿದೆನೋ ನೆನಪಿಲ್ಲ; ಅತ್ತಿಗೆ ಬ್ರೇಕು ತುಳಿದರು. ಮುದುಕಿಯ ಪಾದ ಮುಟ್ಟುವ ಲಂಗ ಬಂಪರಿಗೆ ತಗುಲುವಂತಿತ್ತು. ಅವಳು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಬಾನೆಟ್ಟಿಗೆ ಒಂದು ಏಟು ಕೊಟ್ಟು, ಬೈದುಕೊಂಡು ಹೋದಳು. ಬೈದುಕೊಂಡು ಹೋಗುವಷ್ಟು ಚೆನ್ನಾಗಿದ್ದಳಲ್ಲ, ಅದಕ್ಕಿಂತ ದೊಡ್ಡ ದಯೆ ಆ ದಿನ ಬೇರೆ ಬೇಕಿರಲಿಲ್ಲ.

"ಯಾರು?" ಎಂದರು ಅತ್ತಿಗೆ. ಅವರು ಅವಳನ್ನು ಕಂಡೇ ಇರಲಿಲ್ಲ.

ಎಂಜಿನ್ನು ಆರಿಸಿದರು. ಇಳಿದು, ಸುತ್ತಿ ಬಂದು, ನನ್ನ ಬಾಗಿಲು ತೆಗೆದರು. ಕೀ ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದರು.

"ಆ ಕಡೆ ಹೋಗು."

"ಅತ್ತಿಗೆ, ನಂಗೆ ಬರಲ್ಲ. ಇದು ಎಡಗಡೆ, ಗೇರು ಬೇರೆ..."

"ಬರುತ್ತೆ ಅಂತ ನಾನೆಲ್ಲಿ ಅಂದೆ? ಕಾರಿನ ಬಾಡಿಗೆ ಫಾರ್ಮಲ್ಲಿ ನಿನ್ನ ಹೆಸರೂ ಬರೆಸಿದ್ದೀನಿ. ಹೆದರಿಕೆ ಆದ್ರೆ ಆಗ್ಲಿ, ಬ್ಲಿಂಕರ್ ಹಾಕು, ಹೋಗು."

ಶನಿವಾರ ಬೆಳಿಗ್ಗೆಯೇ ಬರೆಸಿದ್ದರು. ನನಗದು ಹೊಳೆದಿರಲಿಲ್ಲ.

ಮೂರು ಸಲ ಎಂಜಿನ್ನು ನಿಂತಿತು. ಒಂದು ವೃತ್ತವನ್ನು ಹೊರದಾರಿ ಗೊತ್ತಾಗದೆ ನಾಲ್ಕು ಪ್ರದಕ್ಷಿಣೆ ಹಾಕಿದೆ. ಪಕ್ಕದಲ್ಲಿ ಅತ್ತಿಗೆ. ಕಣ್ಣಂಚಿನಲ್ಲಿ ನೋಡಿದೆ: ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟು, ಅವುಗಳ ಮೇಲೆ ಭಾರ ಹಾಕಿ ಕೂತಿದ್ದರು. ಸ್ಟೇರಿಂಗಿಗೆ ಕೈ ಚಾಚಿಬಿಟ್ಟೇನೆಂದು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಕೈ ಹೊರತೆಗೆಯಲಿಲ್ಲ.

ವಾಪಸು ಬಂದ ವಾರವೇ ಲೈಸೆನ್ಸು ಕೊಟ್ಟುಬಂದರು, ತಾವಾಗಿಯೇ. ಕೌಂಟರಿನವಳು ಕಾರಣ ಕೇಳಿದಾಗ "ಸಾಕಷ್ಟು ಓಡಿಸಿದೆ" ಎಂದರಂತೆ. ನನ್ನ ಯಜಮಾನರಿಗೆ ಎಲ್ಲವನ್ನೂ ಅವರೇ ಹೇಳಿ, ಬೈಗುಳವನ್ನೂ ಅವರೇ ತಿಂದರು. ಆಮೇಲೆ ಬುಧವಾರ ಬುಧವಾರ ನಾನು ಎವರ್‌ಗ್ರೀನಿಗೆ ಹೋಗುತ್ತಿದ್ದೆ, ಒಳರಸ್ತೆಯಲ್ಲೇ, ಎರಡರಷ್ಟು ಹೊತ್ತು ಹಿಡಿದರೂ. ಅವರು ಒಮ್ಮೆಯೂ ಆಡಿಕೊಳ್ಳಲಿಲ್ಲ. ಹಾಗೆ ಮೂರು ವರ್ಷ.

ಕಳೆದ ಮಾಘದಲ್ಲಿ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂತು. ಹೃದಯ, ಬೇಗ ಬನ್ನಿ ಎಂದರು. ಯಜಮಾನರು ಕೊಲ್ಲಿಯ ಆಚೆ ದಡದಲ್ಲಿ ಆಫೀಸಿನಲ್ಲಿದ್ದರು, ಅತ್ತಿಗೆಯ ಮಗಳು ನ್ಯೂಜೆರ್ಸಿಯಲ್ಲಿ. ಒಳರಸ್ತೆಗೆ ಹೊತ್ತಿರಲಿಲ್ಲ. ದೇವರ ಮುಂದಿನ ತೀರ್ಥವನ್ನು ಸಣ್ಣ ಬಾಟಲಿಗೆ ಹಾಕಿಕೊಂಡು ಫ್ರೀವೇ ಹತ್ತಿದೆ. ಹೆದರಿಕೆಯಾಯಿತು. ಬ್ಲಿಂಕರ್ ಹಾಕಿದೆ, ಹೋದೆ.

ಅವರಿಗೆ ಇನ್ನೂ ಎಚ್ಚರವಿತ್ತು. ನರ್ಸನ್ನು ಕೇಳಿ, ತೀರ್ಥದಲ್ಲಿ ಬೆರಳದ್ದಿ ತುಟಿಗೆ ಹಚ್ಚಿದೆ.

"ಯಾರು ಕರ್ಕೊಂಡ್ ಬಂದ್ರು?"

"ನಾನೇ ಬಂದೆ ಅತ್ತಿಗೆ. ಫ್ರೀವೇಲಿ."

"ಟ್ರಾಫಿಕ್ಕಿತ್ತಾ?"

"ತುಂಬ ಇತ್ತು."

"ಹೂಂ. ಆ ಹೊತ್ತಲ್ಲಿ ಇರುತ್ತೆ" ಎಂದರು, ದಾರಿ ಬಲ್ಲ ಇಬ್ಬರು ಮಾತಾಡಿಕೊಳ್ಳುವ ಹಾಗೆ. ಮಧ್ಯಾಹ್ನ ಒಂದೂಕಾಲಿಗೆ ಹೋದರು. ಅಷ್ಟು ಹೊತ್ತೂ ಅವರ ಕೈ ನನ್ನ ಕೈಯಲ್ಲಿತ್ತು.