ನಾಲ್ಕು ತಾಲೂಕಿನ ಡಬ್ಬಿಗಳೂ ನಮ್ಮ ಕಸ್ತೂರಕ್ಕನೂ

ಕಸ್ತೂರಕ್ಕ ನಗುವ ಮೊದಲು ಕುರ್ಚಿಯನ್ನು ಹಿಂದಕ್ಕೆ ತಳ್ಳುತ್ತಿದ್ದರು. ಅವರ ನಗುವಿಗೆ ಅಷ್ಟು ಜಾಗ ಬೇಕಾಗುತ್ತಿತ್ತು. ಮುಂದಕ್ಕೆ ಬಾಗಿ, ಮೊಣಕಾಲಿನ ಮೇಲೆ ಎರಡೂ ಅಂಗೈ ಬಡಿದುಕೊಂಡು, ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡ ಮೇಲೆಯೇ ಆ ನಗು ಮುಗಿದಂತೆ. ದಾಂಡೇಲಿಯಲ್ಲಿ ನಮ್ಮ ಆಫೀಸು ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗಿರಾಕಿಗೆ ಸೀರೆ ಬಿಡಿಸಿ ತೋರಿಸುತ್ತಿದ್ದ ಅಂಗಡಿಯವರು ಮೇಲೆ ಕುರ್ಚಿ ಸರಿದ ಸದ್ದು ಕೇಳಿದರೆ ಸುಮ್ಮನಾಗಿಬಿಡುತ್ತಿದ್ದರಂತೆ. ನಗು ಇಳಿದ ಮೇಲೆ ಸೀರೆಯ ದರ ಹೇಳುತ್ತಿದ್ದರಂತೆ.

ನಮ್ಮದು ಫೋನು ಮತ್ತು ಇಂಟರ್ನೆಟ್ ಒದಗಿಸುವ ಒಂದು ಕಂಪನಿ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ನಾಲ್ಕು ತಾಲೂಕುಗಳ ಟವರುಗಳಲ್ಲಿ, ಊರ ನಡುವಿನ ಸಣ್ಣ ಕೋಣೆಗಳಲ್ಲಿ ಕೂತ ಯಂತ್ರಗಳು ನೆಟ್ಟಗಿವೆಯೇ ಎಂದು ಹಗಲೆಲ್ಲ ನೋಡುತ್ತಿರುವುದು ನಮ್ಮ ಕೋಣೆಯ ಕೆಲಸ. ನಾವು ನಾಲ್ಕೇ ಜನ. ಕಸ್ತೂರಕ್ಕ ಮುಖ್ಯಸ್ಥೆ. ಜೋಯಿಡಾ ತಾಲೂಕಿನ ರಾಮನಗರದ ಸಾವಂತರು ನಿವೃತ್ತಿಗೆ ಹತ್ತಿರವಾದವರು. ಮುಂಡಗೋಡದ ಫಯಾಜ್ ಕಡಿಮೆ ಮಾತಿನವನು. ಹಳಿಯಾಳದಿಂದ ದಿನಾ ಬಸ್ಸಿನಲ್ಲಿ ಬರುವ ಗಂಗಾ ನಾನು.

ಆ ಯಂತ್ರಗಳನ್ನು ನಾವು ಡಬ್ಬಿ ಎನ್ನುತ್ತಿದ್ದೆವು. ತೊಂದರೆ ಏನೆಂದರೆ ಡಬ್ಬಿಗಳೆಲ್ಲ ಒಂದೇ ಕಂಪನಿಯವಲ್ಲ, ಒಂದೇ ಕಾಲದವೂ ಅಲ್ಲ. ಒಂದೊಂದಕ್ಕೂ ಬೇರೆ ಬೇರೆ ಪ್ರೊಟೊಕಾಲು, ಅಂದರೆ ನಮ್ಮೊಡನೆ ವ್ಯವಹರಿಸುವ ಬೇರೆ ಬೇರೆ ರೀತಿ. ಕೆಲವನ್ನು ನಾವೇ ಮತ್ತೆ ಮತ್ತೆ ಕೇಳುತ್ತಿರಬೇಕು, ಕೇಳಿದರೆ ಹೇಳುತ್ತವೆ. ಕೆಲವು ಕೇಳದಿದ್ದರೂ ತಾವೇ ಕೂಗಿಕೊಳ್ಳುತ್ತವೆ. ರಾಮನಗರದ ಹಳೆಯ ಡಬ್ಬಿಯನ್ನು ಮಾಡಿದ ಕಂಪನಿಯೇ ಮುಚ್ಚಿಹೋಗಿತ್ತು. ಅದಕ್ಕೆ ಕಂಪ್ಯೂಟರಿನ ಕಪ್ಪು ತೆರೆಯ ಮೇಲೆ ಅಕ್ಷರ ತಪ್ಪದೆ ಪ್ರಶ್ನೆ ಟೈಪ್ ಮಾಡಬೇಕು. ನಡುವೆ ಒಂದು ಖಾಲಿ ಜಾಗ ಹೆಚ್ಚು ಬಿದ್ದರೂ ಉತ್ತರವಿಲ್ಲ. ಹೀಗಾಗಿ ನಮ್ಮ ಮೇಜಿನ ಮೇಲೆ ಆರೇಳು ಕಂಪ್ಯೂಟರು, ಒಂದೊಂದರಲ್ಲಿ ಒಂದೊಂದು ಕಂಪನಿಯ ಡಬ್ಬಿಗಳು. ಕಸ್ತೂರಕ್ಕ ಗಾಲಿ ಕುರ್ಚಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಜಾರುತ್ತ ಎಲ್ಲವನ್ನೂ ವಿಚಾರಿಸಿಕೊಂಡು ಬರುತ್ತಿದ್ದರು.

ಇಷ್ಟೊಂದು ರೀತಿ ನೆನಪಿಡುವುದು ಹೇಗೆ ಎಂದು ಸೇರಿದ ಹೊಸತರಲ್ಲಿ ಕೇಳಿದ್ದೆ. ಅವರ ತಂದೆ ಧಾರವಾಡ ಕಡೆಯ ಹಳ್ಳಿಯಿಂದ ಕಾಗದದ ಕಾರ್ಖಾನೆಯ ಕೆಲಸಕ್ಕೆ ಬಂದವರು. ಇವರು ಬೆಳೆದದ್ದು ಕಾರ್ಮಿಕರ ವಠಾರದಲ್ಲಿ. "ನಮ್ಮ ಓಣ್ಯಾಗ ನಳ ಒಂದ, ಮಂದಿ ಎಲ್ಲಾ ಕಡಿಯವ್ರು. ನಾ ಮರಾಠಿ, ಕೊಂಕಣಿ, ಉರ್ದು ಎಲ್ಲಾ ಕಲ್ತದ್ದು ಜಗಳಾ ಮಾಡಿ. ಚಲೋ ಮಾತು ಇನ್ನೂ ಯಾವುದ್ರಾಗೂ ಬರೂದಿಲ್ಲ," ಎಂದು ಹೇಳಿ ನಕ್ಕಿದ್ದರು.

ಡಬ್ಬಿ ಸತ್ತಿತು ಎಂದು ನಾವು ಯಾರಾದರೂ ಅಂದರೆ ಅವರು ತಿದ್ದುತ್ತಿದ್ದರು. "ಸತ್ತಿಲ್ಲ. ಮಾತು ಬಿಟ್ಟೈತಿ. ಎರಡೂ ಬ್ಯಾರೆ." ಅದರ ಅರ್ಥ ನನಗೆ ಸರಿಯಾಗಿ ತಿಳಿದದ್ದು ಅನಮೋಡದ ಪ್ರಸಂಗದಿಂದ.

ಒಂದು ಮುಂಜಾನೆ ತೆರೆಯ ಮೇಲೆ ಜೋಯಿಡಾ ತಾಲೂಕಿನ ಗಡಿಯೂರು ಅನಮೋಡದ ಡಬ್ಬಿಯ ಗುರುತು ಕೆಂಪಾಯಿತು. ಆ ಕಂಪನಿಯ ಡಬ್ಬಿಗಳಷ್ಟು ಹುಬ್ಬಳ್ಳಿಯ ಕೇಂದ್ರ ಕಚೇರಿಗೂ ಕಾಣುತ್ತಿದ್ದವು. ಅಲ್ಲಿಂದ ಒಬ್ಬ ಹುಡುಗ ಫೋನ್ ಮಾಡಿ, ಅನಮೋಡ ಪೂರ್ತಿ ಬಂದಾಗಿದೆ, ಹೊಸ ಡಬ್ಬಿ ಗಾಡಿಯಲ್ಲಿ ಹೊರಡಿಸಿದ್ದೇವೆ ಎಂದ. ತುಸು ತಡೆಯಿರಿ ಎಂದು ಕಸ್ತೂರಕ್ಕ ಇನ್ನೊಂದು ಫೋನಿನಿಂದ ಅನಮೋಡದ ಚೆಕ್‌ಪೋಸ್ಟಿನ ಬಳಿ ಚಹಾದಂಗಡಿ ಇಟ್ಟವರಿಗೆ ಕರೆ ಮಾಡಿದರು. ಆ ಊರಿಗೆ ಇದ್ದದ್ದು ನಮ್ಮ ಕಂಪನಿಯ ಟವರೊಂದೇ. ಅವರು ಎತ್ತಿದರು. ಲಾರಿಗಳ ಸಾಲು ನಿಂತಿದೆ, ಬೇಗ ಹೇಳಿ ಎಂದರು. ಕಸ್ತೂರಕ್ಕ ಎರಡೂ ಫೋನುಗಳನ್ನು ಒಂದರ ಬಾಯಿಗೆ ಇನ್ನೊಂದರ ಕಿವಿ ಕೂಡಿಸಿ ಹಿಡಿದು, ನೀವೇ ವಿಚಾರಿಸಿರಿ ಎಂದು ಹುಬ್ಬಳ್ಳಿಯವನಿಗೆ ಹೇಳಿದರು. ಅವನು ಬಹಳ ಗಂಭೀರವಾಗಿ, ನಿಮ್ಮಲ್ಲಿ ಫೋನು ನಡೆಯುತ್ತಿದೆಯೇ ಎಂದು ಕೇಳಿದ.

ಚಹಾದಂಗಡಿಯವರು ಹರಕು ಕನ್ನಡದಲ್ಲಿ, "ಫೋನ್ ಬಂದ್ ಇದ್ರ ನಾ ನಿಮ್ಮ ಸಂಗಟ ಯಾವುದ್ರಾಗ ಮಾತಾಡ್ತೇನಿ, ಸಾಹೇಬ?" ಎಂದರು.

ಕುರ್ಚಿ ಹಿಂದಕ್ಕೆ ಸರಿಯಿತು. ಹುಬ್ಬಳ್ಳಿಯವನೂ ನಕ್ಕ. ಜನರ ಮಾತು ಹೋಗುವ ದಾರಿ ಬೇರೆ, ಡಬ್ಬಿ ತನ್ನ ಯೋಗಕ್ಷೇಮವನ್ನು ನಮಗೆ ಹೇಳುವ ದಾರಿ ಬೇರೆ ಎಂದು ಆಮೇಲೆ ಕಸ್ತೂರಕ್ಕ ನನಗೆ ಬಿಡಿಸಿ ಹೇಳಿದರು. ಅವತ್ತು ಕಡಿದುಹೋದದ್ದು ಎರಡನೆಯದು ಮಾತ್ರ. ಹೊರಟಿದ್ದ ಗಾಡಿ ಕಲಘಟಗಿಯಿಂದಲೇ ಹಿಂದಿರುಗಿತು.

ಹೀಗೆ ನಗುತ್ತ ನಡೆದಿದ್ದ ಕೋಣೆಗೆ ಒಂದು ದಿನ ಹುಬ್ಬಳ್ಳಿಯಿಂದ ಆದೇಶ ಬಂತು. ನಾಲ್ಕೂ ತಾಲೂಕಿನ ಎಲ್ಲ ಡಬ್ಬಿಗಳೂ ಒಂದೇ ತೆರೆಯ ಮೇಲೆ ಕಾಣಬೇಕು. ಅದನ್ನು ಮಾಡಿಕೊಡಬೇಕಾದವರು ಕಸ್ತೂರಕ್ಕ. ಮಾಡಿದ ಮೇಲೆ ಆ ತೆರೆಯನ್ನು ಹುಬ್ಬಳ್ಳಿಯಲ್ಲೇ ಕೂತು ನೋಡಬಹುದು, ಆದ್ದರಿಂದ ದಾಂಡೇಲಿಯ ಕೋಣೆ ಮುಚ್ಚತಕ್ಕದ್ದು. ನಮ್ಮ ಮೂವರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಮನೆಯಲ್ಲಿ ಹೇಳಿದಾಗ ನನ್ನ ಅತ್ತೆ, ಒಳ್ಳೆಯದೇ ಆಯಿತು, ಬಸ್ಸಿನ ತಾಪತ್ರಯ ತಪ್ಪಿತು ಎಂದರು. ಪ್ರೀತಿಯಿಂದಲೇ ಅಂದರು. ಆದರೂ ನಾನು ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದೆ.

ಕಸ್ತೂರಕ್ಕ ಮಾತ್ರ ಆ ಕೆಲಸಕ್ಕೆ ಮದುವೆಮನೆಗೆ ಹೊರಟವರಂತೆ ಸಡಗರದಿಂದ ಕೈಹಾಕಿದರು. ಎಲ್ಲ ಡಬ್ಬಿಗಳ ಮಾತನ್ನೂ ಒಂದೇ ಮಾತಿಗೆ ತಿರುಗಿಸುವ ಒಂದು ಪ್ರೋಗ್ರಾಮನ್ನು ನಡುವೆ ಕೂರಿಸಬೇಕು. ಅದಕ್ಕೆ ಅವರು ದುಭಾಷಿ ಎಂದು ಹೆಸರಿಟ್ಟರು. ವಾರಗಟ್ಟಲೆ ಬರೆದರು, ಅಳಿಸಿದರು, ಮತ್ತೆ ಬರೆದರು. ರಾಮನಗರದ್ದೊಂದು ಬಿಟ್ಟು ಉಳಿದೆಲ್ಲವನ್ನೂ ಮೊದಲ ಬಾರಿ ಕೂಡಿಸಿದ ದಿನ ತೆರೆ ಇಡೀ ಕುಂಕುಮ ಚೆಲ್ಲಿದ ಹಾಗೆ ಕೆಂಪಾಯಿತು. ನೋಡಿದರೆ ಎಲ್ಲ ಜೋಯಿಡಾ ತಾಲೂಕಿನವು. ಅಲ್ಲಿನ ಡಬ್ಬಿಗಳನ್ನು ಮಾಡಿದ ಕಂಪನಿ ಕರೆಂಟು ಹೋಗುವುದನ್ನೇ ಮಹಾ ಅನಾಹುತವೆಂದು ಬರೆದಿತ್ತು. ಜೋಯಿಡಾದಲ್ಲಿ ಕರೆಂಟು ಹೋಗದ ದಿನ ಯಾವುದು? ಆ ಗದ್ದಲದಲ್ಲಿ ಮುಂಡಗೋಡ ತಾಲೂಕಿನ ಚಿಗಳ್ಳಿಯ ಡಬ್ಬಿ ಮೂಲೆಯಲ್ಲಿ ಹಸಿರಾಗಿಯೇ ಕೂತು, ಒಂದು ಸಣ್ಣ ಸೂಚನೆಯನ್ನಷ್ಟೇ ಕೊಟ್ಟಿತ್ತು. ಕಸ್ತೂರಕ್ಕ ಅದನ್ನು ಬಿಚ್ಚಿ ಓದಿದರು. ಬ್ಯಾಟರಿ ಮುಗಿಯುತ್ತ ಬಂದಿದೆ, ಇನ್ನು ಸ್ವಲ್ಪ ಹೊತ್ತಿಗೆ ತಾನು ನಿಲ್ಲುತ್ತೇನೆ ಎಂದು ಅದು ಸಾವಕಾಶವಾಗಿ ಹೇಳುತ್ತಿತ್ತು.

"ಜೋಯಿಡಾದ್ದು ನಮ್ಮ ಸ್ವಾದರತ್ತಿ ಇದ್ದಂಗ. ಚಾದಾಗ ಸಕ್ರಿ ಕಡಿಮಿ ಆದ್ರೂ ಮನಿ ಮುಳುಗ್ತು ಅಂತಾಳ. ಇದು ನಮ್ಮ ಫಯಾಜ್. ಜ್ವರಾ ನೆತ್ತಿಗೇರಿದ್ರೂ ಆರಾಮ ಅದೀನ್ರಿ ಅಂತಾನ," ಎಂದರು. ಫಯಾಜ್ ತಾನೇ ಮುಂಡಗೋಡಕ್ಕೆ ಫೋನ್ ಹಚ್ಚಿ ಬ್ಯಾಟರಿ ಕಳಿಸಲು ಹೇಳಿದ. ಚಿಗಳ್ಳಿಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಅಂದಿನಿಂದ ಕಸ್ತೂರಕ್ಕ ಒಂದೊಂದು ಡಬ್ಬಿಯ ಕೂಗಿಗೂ ಇಷ್ಟೇ ತೂಕ ಎಂದು ಗೊತ್ತುಮಾಡುತ್ತ ಹೋದರು. ತೆರೆ ದಿನದಿಂದ ದಿನಕ್ಕೆ ತಿಳಿಯಾಯಿತು.

ಕೊನೆಗೆ ಉಳಿದದ್ದು ರಾಮನಗರದ ಹಳೆಯ ಡಬ್ಬಿ. ಆಗ ಒಂದು ಸಂಜೆ ಸಾವಂತರು ಕಸ್ತೂರಕ್ಕನ ಕುರ್ಚಿಯ ಬಳಿ ಬಂದು ನಿಂತರು. "ಬಾಯಿಯವ್ರ, ಅದೊಂದು ಆಗೂದಿಲ್ಲ ಅಂತ ಹುಬ್ಬಳ್ಳಿಗೆ ಹೇಳಿಬಿಡ್ರಿ. ಅದನ್ನ ನೋಡಾಕ ಯಾರರೆ ಇಲ್ಲಿ ಇರಬೇಕಾಗ್ತದ. ಕೋಣಿ ಉಳೀತದ, ನಾವೂ ಉಳೀತೇವಿ." ನಾನು ತಲೆ ಎತ್ತಲಿಲ್ಲ. ನನ್ನ ಮನಸ್ಸಿನಲ್ಲಿಯೂ ಅದೇ ಇತ್ತು. ಕಸ್ತೂರಕ್ಕ ನಗಲಿಲ್ಲ. ಚೀಲ ತೆಗೆದುಕೊಂಡು ಮನೆಗೆ ಹೋದರು.

ಮರುದಿನ ನಾಲ್ವರಿಗೂ ಆಗುವಷ್ಟು ಮಂಡಕ್ಕಿ ಗಿರಮಿಟ್ ಕಟ್ಟಿಸಿಕೊಂಡು ಬಂದರು. ಕಾಗದದ ಮೇಲೆ ಹಂಚಿ, ಮೆಣಸಿನಕಾಯಿ ಇಟ್ಟು, ಎಲ್ಲರೂ ಬಾಯಿಗೆ ಹಾಕಿಕೊಂಡ ಮೇಲೆ ಹೇಳಿದರು:

"ಸಾವಂತ್ರ, ಆಗೂದಿಲ್ಲ ಅಂತ ನಾ ಹೇಳಲಾರೆ. ಯಾಕಂದ್ರ ಅದು ಮೊನ್ನೇನ ಆಗೇತಿ."

ಸಾವಂತರು ಕಚ್ಚಿದ ಮೆಣಸಿನಕಾಯಿಯನ್ನು ಕಾಗದದ ಮೇಲೆ ಇಟ್ಟರು.

"ಆದ್ರ ಆಗೇತಿ ಅಂತ ಇವತ್ತ ಹೇಳಬೇಕಂತೇನಿಲ್ಲ. ಒಂದು ಹಳೀ ಡಬ್ಬಿ ಕಾಯ್ಕೋತ ನೀವು ಯಾಕ ಕುಂದ್ರಬೇಕು? ನಿಮಗ ಏನು ಬೇಕು, ಅದನ್ನ ಹೇಳ್ರಿ."

ಸಾವಂತರು ನಿವೃತ್ತಿಯವರೆಗೆ ರಾಮನಗರದಲ್ಲಿ, ಮನೆಯ ಹತ್ತಿರ ಇರಬೇಕೆಂದರು. ಫಯಾಜ್ ಮುಂಡಗೋಡ ಎಂದ. ನನ್ನ ಸರದಿ ಬಂತು. ನನಗೇನು ಬೇಕೆಂದು ಅದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. "ನನಗ ಹೊರಗಿನ ಕೆಲಸ ಬೇಕ್ರಿ ಅಕ್ಕಾ. ಡಬ್ಬಿ ಇದ್ದಲ್ಲಿಗೆ ಹೋಗಿ ರಿಪೇರಿ ಮಾಡೂದು," ಎಂದೆ. ಅಂದಮೇಲೆ ನನಗೇ ಆಶ್ಚರ್ಯವಾಯಿತು.

ಅವರು ಹುಬ್ಬಳ್ಳಿಗೆ ಹೋಗಿ ದೊಡ್ಡ ಸಾಹೇಬರನ್ನು ಕಂಡರು. ಡಬ್ಬಿ ಕೆಟ್ಟರೆ ಬೆಳಗಾವಿಯಿಂದ ಗುತ್ತಿಗೆಯವರು ಬರುವುದರೊಳಗೆ ಜನ ಬೈದು ಬೈದು ದಣಿದಿರುತ್ತಾರೆ, ಆಯಾ ತಾಲೂಕಿನಲ್ಲೇ ನಮ್ಮವರನ್ನು ಇಡಿ ಎಂದು ವಾದಿಸಿದರು. ಸಾಹೇಬರು ನೋಡೋಣ ಎಂದರು. ಆ ನೋಡೋಣ ಕಾಗದಕ್ಕೆ ಇಳಿಯಲು ಬಹಳ ದಿನ ಹಿಡಿಯಿತು. ಅಷ್ಟೂ ದಿನ ಹುಬ್ಬಳ್ಳಿಯಿಂದ ಫೋನು: ರಾಮನಗರ ಯಾಕೆ ಇನ್ನೂ ಕಾಣುತ್ತಿಲ್ಲ? ಕಸ್ತೂರಕ್ಕ ಮುಖದ ಮೇಲೆ ಒಂದು ಗೆರೆಯೂ ಅಲುಗದಂತೆ, "ಅದು ಹಳೀ ಕಾಲದ್ದು ನೋಡ್ರಿ ಸರ್, ಹೊಸಾ ಮಂದಿ ಮುಂದ ಬರಾಕ ನಾಚಿಕೊಳ್ಳಾಕತ್ತೈತಿ," ಎನ್ನುತ್ತಿದ್ದರು. ಫೋನ್ ಇಟ್ಟ ಮೇಲೆ ಕೆಳಗಿನ ಅಂಗಡಿಯವರು ಕಾಯಬೇಕಾಗುತ್ತಿತ್ತು.

ಕೊನೆಗೂ ನಮ್ಮ ಮೂವರ ವರ್ಗಾವಣೆಯ ಆದೇಶ ಬಂತು. ಸಾವಂತರಿಗೆ ರಾಮನಗರ, ಫಯಾಜನಿಗೆ ಮುಂಡಗೋಡ. ನನಗೆ ಹಳಿಯಾಳ, ಅದರ ಜೊತೆ ಜೋಯಿಡಾದ ಒಂದು ಪಾಲು. ಕಸ್ತೂರಕ್ಕ ಅದನ್ನು ಗಟ್ಟಿಯಾಗಿ ಓದಿ ಹೇಳಿ, ಕುರ್ಚಿ ತಿರುಗಿಸಿ ಒಂದು ಕೀಲಿ ಒತ್ತಿದರು. ರಾಮನಗರ ಹಸಿರಾಗಿ ತೆರೆಯ ಮೇಲೆ ಬಂದು ಕೂತಿತು. ಸ್ವಲ್ಪ ಹೊತ್ತಿಗೆ ಸಾಹೇಬರದೇ ಫೋನು. ನಾಚಿಕೆ ಹೋಯಿತೇನು ಎಂದು ಕೇಳಿದರಂತೆ. "ಆರ್ಡರ್ ಓದಿ ಹೇಳಿದೆ ಸರ್. ಧೈರ್ಯಾ ಬಂತು ಕಾಣಸ್ತೈತಿ," ಎಂದರು ಇವರು. ಆ ಕಡೆಯ ನಗು ನಮಗೂ ಕೇಳಿಸಿತು.

ತಮಗಾಗಿ ಕಸ್ತೂರಕ್ಕ ಏನನ್ನೂ ಕೇಳಿರಲಿಲ್ಲ ಎಂದು ನಾವು ಚಡಪಡಿಸಿದೆವು. ಅವರು ಆಗಲೇ ಒಪ್ಪಿಕೊಂಡಾಗಿತ್ತು. ಜಾರ್ಖಂಡದ ಕಡೆ ಕಂಪನಿಗೆ ಇಂಥದೇ ಕಲಸುಮೇಲೋಗರವಿತ್ತು, ಅಲ್ಲಿಗೆ ದುಭಾಷಿ ಮಾಡಿಕೊಡಲು ಹೊರಟಿದ್ದರು. ಈ ವಯಸ್ಸಿನಲ್ಲಿ ಅಷ್ಟು ದೂರವೇ ಎಂದರೆ, "ಮೊದಲನೇ ಸಲದ ತಪ್ಪೆಲ್ಲಾ ಇಲ್ಲೇ ಮಾಡಿ ಮುಗಿಸೇನಿ. ಇನ್ನ ಅಲ್ಲಿ ಹೊಸಾ ತಪ್ಪು ಮಾಡೂದು," ಎಂದರು. ಕಾರ್ಖಾನೆಯಿಂದ ನಿವೃತ್ತರಾಗಿದ್ದ ಅವರ ಯಜಮಾನರು ಆಗಲೇ ಸ್ವೆಟರ್ ಕೊಂಡು, ದಾಂಡೇಲಿಯ ಬಿಸಿಲಿನಲ್ಲೇ ಹಾಕಿಕೊಂಡು ನೋಡುತ್ತಿದ್ದರು.

ಹೊರಡುವ ದಿನ ಯಜಮಾನರನ್ನು ಸಾಮಾನಿನೊಂದಿಗೆ ಮುಂಚೆಯೇ ಬೆಳಗಾವಿಗೆ ಕಳಿಸಿ, ಅವರು ಹೊಸ ಕೆಲಸಕ್ಕೆಂದು ನಾನು ಕೊಂಡಿದ್ದ ಸ್ಕೂಟರ್ ಹತ್ತಿದರು. ರಾಮನಗರದ ಡಬ್ಬಿಯನ್ನು ಒಮ್ಮೆ ಕಣ್ಣಿನಿಂದ ನೋಡಬೇಕು ಎಂದರು. ಇಷ್ಟು ವರ್ಷ ಅದರೊಡನೆ ಏಗಿದ್ದರೂ ಅದರ ಮುಖ ಕಂಡಿರಲಿಲ್ಲ. ದಾರಿಯುದ್ದಕ್ಕೂ ಸೆರಗು ಹಿಡಿದುಕೊಂಡು, ಟವರು ಕಂಡಲ್ಲೆಲ್ಲ ಇದು ಯಾವುದು, ಇದು ಯಾವುದು ಎಂದು ಕೇಳುತ್ತ ಬಂದರು. ಸಾವಂತರು ಬೀಗದ ಕೈ ಹಿಡಿದು ಕಾಯುತ್ತಿದ್ದರು. ಬಾಗಿಲು ತೆರೆದಾಗ ಒಂದು ಹಲ್ಲಿ ಓಡಿತು. ಒಳಗೆ ಊಟದ ಡಬ್ಬಿಗಿಂತ ತುಸು ದೊಡ್ಡದಾದ, ಬಣ್ಣ ಹೋದ ಒಂದು ಪೆಟ್ಟಿಗೆ, ಒಂದೇ ಒಂದು ದೀಪ ಮಿಣಮಿಣ ಎನ್ನುತ್ತಿತ್ತು.

"ಇಷ್ಟ ಸಣ್ಣದೇನ ಇದು?" ಎಂದರು. ಕಪಾಟಿನಷ್ಟು ಇದ್ದೀತು ಎಂದುಕೊಂಡಿದ್ದರಂತೆ. ಕೈ ನೀಡಿ ಮೇಲಿನ ಧೂಳನ್ನು ಒರೆಸಿದರು. ನಾನೂ ಸಾವಂತರೂ ಅವರನ್ನು ಅದರೊಡನೆ ಬಿಟ್ಟು ಹೊರಗೆ ಬಂದೆವು.

ಬೆಳಗಾವಿ ಬಸ್ಸು ಬಂದಾಗ ಕಿಟಕಿಯ ಸೀಟು ಸಿಕ್ಕಿತು ಎಂದು ಹಿಗ್ಗಿದರು. ನಾನು ಕಾಲಿಗೆ ನಮಸ್ಕಾರ ಮಾಡಲು ಬಾಗುವಷ್ಟರಲ್ಲಿ ಬೆನ್ನಿಗೆ ಒಂದು ಹೊಡೆದು ಹತ್ತಿಬಿಟ್ಟಿದ್ದರು. ಬಸ್ಸು ಹೊರಟಿತು. ಕಿಟಕಿಯಿಂದ ಏನೋ ಕೂಗಿದರು, ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ತಿರುವು ದಾಟುವ ಮೊದಲೇ ಪಕ್ಕದ ಹೆಂಗಸಿಗೆ ಕೈ ಆಡಿಸುತ್ತ ಏನೋ ಹೇಳತೊಡಗಿದ್ದರು, ಆ ಹೆಂಗಸು ಆಗಲೇ ನಗುತ್ತಿದ್ದಳು. ಅದಾದ ಮೇಲೆ ಅವರನ್ನು ನಾನು ನೋಡಿಲ್ಲ.

ಸಾವಂತರು ಚಹಾ ಕುಡಿಯೋಣ ಬಾ ಎಂದರು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಫೋನು ಬಂತು. ಜೋಯಿಡಾದ ಆಚೆ ಒಂದು ಕಡೆ ಕೇಬಲ್ ಕಡಿದಿದೆ, ಹತ್ತಿರ ಯಾರಿದ್ದೀರಿ ಎಂದು ಕೇಳಿದರು. ನಾನಿದ್ದೇನೆ ಎಂದೆ.