ಕರಿಯನ ಪಾಲಿನ ಭಕ್ರಿ

ಹಾರೂಗೇರಿಗೆ ಬಂದ ಮೂರನೇ ದಿನ ಪಕ್ಕದ ಮನೆಯ ಹೆಂಗಸೊಬ್ಬರು ನನ್ನ ಅಂಗಳಕ್ಕೆ ನೇರ ನಡೆದು ಬಂದು, ನನ್ನನ್ನು ಒಂದು ಮಾತೂ ಕೇಳದೆ, ನನ್ನ ನಾಯಿಯ ಮುಂದೆ ಭಕ್ರಿ ಇಟ್ಟರು. ಭಕ್ರಿ ಎಂದರೆ ಜೋಳದ ರೊಟ್ಟಿ. ಮಹಾರಾಷ್ಟ್ರದ ಗಡಿ ಹತ್ತಿರವಾದ್ದರಿಂದ ಇಲ್ಲಿ ಆ ಹೆಸರು. ಕರಿಯ ಮೂಸಿಯೂ ನೋಡಲಿಲ್ಲ. ಮುಖ ತಿರುಗಿಸಿ ಕುಳಿತ. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯೊಂದು ಖಚಿತವಾಗಿ ನೆನಪಿದೆ. ಉಳಿದದ್ದನ್ನು ಆಮೇಲೆ ಕಟ್ಟಿಕೊಂಡಿರಬಹುದು.

“ನಮ್ಮವನು ಬೇರೆಯವರ ಕೈಯಿಂದ ತಿನ್ನಲ್ಲ,” ಎಂದೆ.

“ನಾ ಏನ್ ಬ್ಯಾರೇದಾಕಿ ಏನ್ರಿ ಸಾಹೇಬ್ರ? ಗ್ವಾಡಿಗೆ ಗ್ವಾಡಿ ಹತ್ತೇತಿ,” ಎಂದರು. ಎರಡೂ ಮನೆಗಳ ಗೋಡೆಗಳು ಅಂಟಿಕೊಂಡೇ ಇದ್ದವು. ಓಣಿಯವರೆಲ್ಲ ಅವರನ್ನು ಕಾಕು ಎನ್ನುತ್ತಾರೆ, ಚಿಕ್ಕಮ್ಮ ಎಂದಂತೆ. ಭಕ್ರಿ ಎತ್ತಿಕೊಂಡು ಹೋಗುತ್ತ, “ನಾಯಿಗೂ ಸಾಹೇಬ್ರ ಸೊಕ್ಕ ಹತ್ತೇತಿ,” ಎಂದದ್ದು ನನಗೆ ಕೇಳಲೆಂದೇ.

ನಾನು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದ ಕೆಲಸಕ್ಕೆಂದು ಕೋಲಾರದಿಂದ ಒಬ್ಬನೇ ಬಂದವನು. ಕರಿಯನಿಗೆ ಆಗ ಹನ್ನೊಂದು ವರ್ಷ. ಅವನಿಗಿಂತ ಮುಂಚೆ ಸಾಕಿದ್ದ ನಾಯಿ ಯಾರೋ ಎಸೆದ ವಿಷದ ಮಾಂಸ ತಿಂದು ಸತ್ತಿತ್ತು. ಅದಕ್ಕೇ ಕರಿಯ ಮರಿಯಾಗಿದ್ದಾಗ ಗೆಳೆಯರ ಕೈಯಿಂದ ಬಿಸ್ಕತ್ತು ಕೊಡಿಸಿ, ಬಾಯಿ ಹಾಕಿದರೆ ಮೂತಿಯ ಮೇಲೆ ತಟ್ಟುತ್ತಿದ್ದೆ. ನಾನೇ ತಟ್ಟೆ ಇಟ್ಟು “ತಗೋ” ಎಂದರೆ ಮಾತ್ರ ಊಟ. ಎರಡು ತಿಂಗಳಲ್ಲಿ ಕಲಿತ. ಮನೆಗೆ ಬಂದವರಿಗೆಲ್ಲ ಆ ವಿದ್ಯೆಯನ್ನು ತೋರಿಸುತ್ತಿದ್ದೆ.

ನಮ್ಮಲ್ಲಿ ನಾಯಿಗೆ ಒಂದು ಮನೆ. ಇಲ್ಲಿ ನಾಯಿಗೆ ಒಂದು ಓಣಿ. ಚಿಕ್ಕೋಡಿ ರಸ್ತೆಯಲ್ಲಿ ಸಿಕ್ಕ ಮರಿಯೊಂದನ್ನು ತಂದೆ. ನಾನು ಹೆಸರು ಯೋಚಿಸುವಷ್ಟರಲ್ಲಿ ಓಣಿ ಅವನನ್ನು ಮೋತ್ಯಾ ಎಂದು ಕರೆದಾಗಿತ್ತು. ಆರು ಮನೆಗಳಲ್ಲಿ ತಿಂದು ಬರುತ್ತಿದ್ದ. ಸಂಜೆ ಇಬ್ಬರಿಗೂ ಚೆಂಡು ಎಸೆಯುತ್ತಿದ್ದೆ. ಹಿಂಗಾಲು ಸೋತ ಕರಿಯ ಎರಡು ಹೆಜ್ಜೆ ಓಡಿ ನಿಲ್ಲುತ್ತಿದ್ದ. ಮೋತ್ಯಾ ಚೆಂಡನ್ನು ತಂದು ಅವನ ಮುಂದೆ ಇಡುತ್ತಿದ್ದ, ಕರಿಯ ಅದನ್ನು ತಾನೇ ತಂದವನಂತೆ ನನಗೆ ಕೊಡುತ್ತಿದ್ದ. ಒಣಹಾಕಿದ ಜೋಳಕ್ಕೆ ಬರುವ ಕೋಳಿಗಳನ್ನು ಓಡಿಸಲು ಕಾಕು ಮೋತ್ಯಾನಿಗೆ ಕಲಿಸಿದರು. ಓಡಿಸಿ ಬಂದು ಅವನು ಜೋಳದ ಮೇಲೆಯೇ ಮಲಗುತ್ತಿದ್ದ. “ಮಾಲಕನಂಗ ಮಲ್ಕೊಂಡಾನ ನೋಡ್ರಿ,” ಎಂದು ಕಾಕು ನಗುತ್ತಿದ್ದರು.

ನನ್ನನ್ನೂ ಊಟಕ್ಕೆ ಕರೆಯುತ್ತಿದ್ದರು. “ಊಟ ಆಯ್ತು ಕಾಕು” ಎನ್ನುತ್ತಿದ್ದೆ, ಆಗದಿದ್ದರೂ. ಊರಿನಿಂದ ತಂದ ರಾಗಿ ಹಿಟ್ಟಿನಲ್ಲಿ ಒಬ್ಬನಿಗಾಗುವಷ್ಟು ಮುದ್ದೆ ಮಾಡಿಕೊಂಡು ಬಾಗಿಲು ಹಾಕಿ ತಿನ್ನುತ್ತಿದ್ದೆ.

ಆಮೇಲೊಂದು ದಿನ ಅಕ್ಕನಿಗೆ ಶಸ್ತ್ರಚಿಕಿತ್ಸೆ ಎಂದು ಕೋಲಾರದಿಂದ ಫೋನ್ ಬಂತು. ಮೂರು ದಿನಕ್ಕೆಂದು ಹೊರಟೆ. ಕಾಕುವಿಗೆ ಕೀಲಿ ಕೊಟ್ಟು, ಹಸಿದರೆ ಕರಿಯ ತಿಂತಾನೆ ಬಿಡಿ ಎಂದೆ. ಅಕ್ಕನ ಜ್ವರ ಇಳಿಯಲಿಲ್ಲ. ಒಂಬತ್ತು ದಿನ ಉಳಿದೆ. ಒಂಬತ್ತು ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಚೀಲದಲ್ಲಿ ಬಸ್ಸಿನ ಟಿಕೆಟುಗಳು ಸಿಕ್ಕವು. ತಾರೀಖು ಎಣಿಸಿದರೆ ಏಳೇ ದಿನ. ಉಳಿದೆರಡು ದಿನಗಳನ್ನು ಎಲ್ಲಿಂದ ತಂದೆನೋ ಗೊತ್ತಿಲ್ಲ.

ಮೂರನೇ ದಿನ ಕಾಕು ಫೋನ್ ಮಾಡಿದರು. “ನೀರ ಅಷ್ಟ ಕುಡಿಯಾಕತ್ತಾನ್ರಿ. ಭಕ್ರಿ ಒಲ್ಲ, ಹಾಲ ಒಲ್ಲ. ಓಣ್ಯಾಗಿನ ಮಂದಿ ಎಲ್ಲಾ ಬಂದ ತಿನಿಸಿ ನೋಡಿ ಹೋಗ್ಯಾರ. ನೀವರ ಒಂದ ಮಾತ ಹೇಳ್ರಿ.”

ಫೋನನ್ನು ಅವನ ಕಿವಿಗೆ ಹಿಡಿದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, “ತಗೋ ಕರಿಯಾ, ತಗೋ,” ಎಂದೆ.

“ಫೋನಿನ ಹಿಂದ ನಿಮ್ಮನ್ನ ಹುಡಕಾಕತ್ತಾನ,” ಎಂದರು ಕಾಕು. ಆಮೇಲೆ, “ತಾಟಿನ್ಯಾಗಿಂದ ಮೋತ್ಯಾ ತಿಂದಬಿಟ್ಟ,” ಎಂದರು.

ಅಂದೇ ಹೊರಡಬಹುದಿತ್ತು. ನಾಯಿ ಊಟ ಬಿಟ್ಟಿದೆ ಎಂದು ಅಕ್ಕನ ಹಾಸಿಗೆಯ ಪಕ್ಕ ನಿಂತು ಹೇಳಲು ನಾಚಿಕೆಯಾಯಿತು. ಕಾಕು ಕರೆಸಿದ ಪಶುವೈದ್ಯರು ಸಲೈನ್ ಹಾಕಿ, ಮೂತ್ರಪಿಂಡ ಮೊದಲೇ ಕೆಟ್ಟಿತ್ತು, ವಯಸ್ಸೂ ಆಗಿದೆ ಎಂದರಂತೆ. ನನಗೆ ಬೇಕಾದ ಮಾತು ಅದು. ಅದಕ್ಕೇ ಪೂರ್ತಿ ನಂಬಲಾರೆ.

ನಾನು ಬಂದಾಗ ಮಲಗಿದಲ್ಲೇ ಬಾಲ ಆಡಿಸಿದ. ಹಾಲಿನಲ್ಲಿ ನೆನೆಸಿದ ಭಕ್ರಿ ಇಟ್ಟು “ತಗೋ” ಎಂದೆ. ಹೇಳಿದ ಕೂಡಲೇ ತೆಗೆದುಕೊಂಡ. ನುಂಗಲಾಗಲಿಲ್ಲ. ಉಗುಳಲೂ ಇಲ್ಲ. ಬಾಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ಕೊನೆಗೆ ನಾನೇ ಬೆರಳು ಹಾಕಿ ತೆಗೆದೆ. ಮರುದಿನ ಬೆಳಿಗ್ಗೆ ಹೋದ. ಕಾಕು ತಮ್ಮ ಕಬ್ಬಿನ ಹೊಲದ ಬದುವಿನಲ್ಲಿ ಜಾಗ ಕೊಟ್ಟರು.

“ಐದನೇ ದಿನ ನನ್ನ ಕೈಯಾಗಿಂದ ಒಂದ ತುತ್ತ ತಿಂದಾನ್ರಿ,” ಎನ್ನುತ್ತಾರೆ ಅವರು. ಒಂದು ಸಲ ಹೇಳುವಾಗ ಅದು ಭಕ್ರಿ, ಇನ್ನೊಂದು ಸಲ ಅನ್ನ. ನಾನು ತಿದ್ದುವುದಿಲ್ಲ.

ಈಗ ಊರ ಕಡೆ ಕೆಲಸ ಸಿಕ್ಕಿದೆ. ಚೇತರಿಸಿಕೊಂಡ ಅಕ್ಕ ಬಂದುಬಿಡು ಎನ್ನುತ್ತಾಳೆ. ಮೋತ್ಯಾನನ್ನು ಕರೆದೊಯ್ದರೆ ಆರು ಮನೆಯ ನಾಯಿಗೆ ಒಂದೇ ಮನೆಯನ್ನು ಕಲಿಸಬೇಕು. ಆ ಪಾಠ ಮತ್ತೆ ನನ್ನಿಂದಾಗದು. ಬಿಟ್ಟು ಹೋದರೆ ಇಬ್ಬರನ್ನೂ ಇಲ್ಲಿ ಬಿಟ್ಟು ಹೋದ ಹಾಗೆ. ಕೆಲಸಕ್ಕೆ ಕರೆದು ಬಂದ ಕಾಗದಕ್ಕೆ ಇನ್ನೂ ಉತ್ತರ ಬರೆದಿಲ್ಲ.

ನಿನ್ನೆ ಕಾಕು ಮೋತ್ಯಾನ ಭಕ್ರಿಯ ಜೊತೆ ಇನ್ನೊಂದನ್ನು ತಂದರು, ಮೇಲೆ ಶೇಂಗಾ ಚಟ್ನಿ. ಊಟ ಆಯ್ತು ಕಾಕು ಎನ್ನಲು ಬಾಯಿ ತೆರೆದೆ.

“ಏನ್ ಊಟ ಆಗೇತಿ? ಮುಂಜಾನಿಂದ ಗ್ವಾಡಿ ಆಚಿ ಅಡಗಿ ಭಾಂಡೆ ಸಪ್ಪಳಿಲ್ಲ. ತಗೋ ತಮ್ಮಾ.”

ಇಷ್ಟು ದಿನ ಸಾಹೇಬ್ರು ಎನ್ನುತ್ತಿದ್ದವರು. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡೆ. ನುಂಗಲು ಬಹಳ ಹೊತ್ತು ಹಿಡಿಯಿತು. ಕಾಕು ಹೋಗಲಿಲ್ಲ, ನೋಡುತ್ತ ನಿಂತಿದ್ದರು.